ಪಿಸುಮಾತಿನ ಥಾಯ್

ಅನ್ನ ಬೇಕೆಂದರೆ 'ಖಾವ್' ಎನ್ನುವಾಗ ದನಿ ಮೇಲಿಂದ ಕೆಳಕ್ಕೆ ಜಾರಬೇಕು. ಅದೇ 'ಖಾವ್' ಕೆಳಗಿಂದ ಮೇಲಕ್ಕೆ ಏರಿತೋ, ಅನ್ನ ಹೋಗಿ ಬಿಳಿ ಬಣ್ಣವಾಗುತ್ತದೆ. ಥಾಯ್ ಭಾಷೆ ಅಂಥದ್ದು. ಅದನ್ನು ನಾನು ಕಲಿತದ್ದು ಚಿಕ್ಕಬಾಣಾವರದ ಪಿ.ಜಿ.ಯಲ್ಲಿ, ಹೊದಿಕೆಯೊಳಗೆ ತಲೆ ಹುದುಗಿಸಿ, ಮೊಬೈಲ್ ಆ್ಯಪ್ ಎದುರು ಪಿಸುಗುಡುತ್ತಾ.

ಬಾಗಲಕೋಟೆಯ ನಮ್ಮ ಓಣಿಯಲ್ಲಿ ಈ ಮನೆಯವರು ಆ ಮನೆಯವರನ್ನು ಕೂಗಿಯೇ ಮಾತಾಡಿಸುವುದು. ಬೆಂಗಳೂರಿಗೆ ಬಂದ ಹೊಸತರಲ್ಲಿ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದ ಮಂಚದ ಶ್ವೇತಾ ಎದ್ದು ಕೂತಳು. ನರ್ಸ್ ಆಕೆ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವಳು.

"ಯಾರ ಜೊತೆ ಜಗಳ ಆಡ್ತಿದೀರ? ಇದು ನಿಮ್ಮೂರಲ್ಲ ಕಣ್ರೀ, ಸ್ವಲ್ಪ ಮೆತ್ತಗೆ ಮಾತಾಡೋದು ಕಲೀರಿ."

ಕಲಿತೆ. ದಾಸರಹಳ್ಳಿಯ ಫ್ಯಾಕ್ಟರಿಯಲ್ಲೂ ನಾನು ಬಾಯಿ ತೆರೆದರೆ ನಗುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಗುವವರಿಗೆ ಏನು ಮಾಡುವುದು?

ಥಾಯ್ಲೆಂಡಿನಲ್ಲಿ ಕಂಪನಿ ಹೊಸ ಘಟಕ ತೆರೆದಾಗ, ಅಲ್ಲಿನವರಿಗೆ ತಪಾಸಣೆಯ ಕೆಲಸ ಕಲಿಸಲು ನಮ್ಮ ವಿಭಾಗದಿಂದ ಒಬ್ಬರು ಬೇಕಾದರು. ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ಥಾಯ್ ಮಾತು ಬಂದರೆ ಸಾಕಿತ್ತು. ಈ ಊರು ಬಿಟ್ಟು ಹೋಗಲೇಬೇಕೆಂದು ಹಟ ಹಿಡಿದೆ. ನನ್ನದು ಎರಡನೇ ಪಾಳಿ, ಬೆಳಗ್ಗೆ ಬಿಡುವು. ಶ್ವೇತಾಳ ನಿದ್ದೆ ಕೆಡದಂತೆ ಉಸಿರಿನಲ್ಲೇ ಹೇಳಿದರೂ ಆ್ಯಪ್ ಹಸಿರು ಗುರುತು ಹಾಕಿ ಶಾಭಾಸ್ ಅನ್ನುತ್ತಿತ್ತು. ಬೆಂಗಳೂರಿನಲ್ಲಿ ನನ್ನ ಮಾತು ಮೆಚ್ಚಿದ್ದು ಅದೊಂದೇ.

ಆಯ್ಕೆ ಮಾಡಲು ಬಂದ ಥಾಯ್ ಮೇಡಂ ಕಿವಿಗೆ ಕೈ ಹಿಡಿದು, ಜೋರಾಗಿ ಹೇಳಿ ಎಂದರು. ಜೋರು ಮಾಡಿದೆ. ಏರಬೇಕಾದದ್ದು ಏರಲಿಲ್ಲ, ಜಾರಬೇಕಾದದ್ದು ಜಾರಲಿಲ್ಲ. ಎಲ್ಲ ಒಂದೇ ಮಟ್ಟದಲ್ಲಿ ಹೊರಟಿತು. ಪಿಸುಮಾತಿನಲ್ಲಿ ದನಿಯೇ ಇಲ್ಲ, ಇನ್ನು ಏರಿಳಿತ ಎಲ್ಲಿಂದ ಬರಬೇಕು? ಆ ಹಾಳು ಆ್ಯಪ್ ಪದಗಳನ್ನು ಊಹಿಸಿಕೊಂಡು ಮಾರ್ಕ್ಸ್ ಕೊಟ್ಟಿತ್ತು. ಮೇಡಂ ನಗುತ್ತಲೇ ಸಾಕು ಎಂದರು.

ಆಯ್ಕೆಯಾದವನು ನಮ್ಮ ವಿಭಾಗದ ಕಿರಣ್. ಯಲಹಂಕದ ಸ್ವಂತ ಮನೆಯ ತಾರಸಿಯಲ್ಲಿ ಅದೇ ಆ್ಯಪ್ ಎದುರು ಗಂಟಲು ಹರಿದುಕೊಂಡವನು. ಮೆತ್ತಗೆ ಮಾತಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಪಿ.ಜಿ.ಗೆ ಬಂದು ಅತ್ತೆ. ಶ್ವೇತಾ ಸಮಾಧಾನ ಮಾಡಿದಳು.

"ಬೇಜಾರ್ ಮಾಡ್ಕೋಬೇಡಿ. ಇನ್ಮೇಲೆ ಬೆಳಗ್ಗೆ ಹೊತ್ತು ಆ ಗುಸುಗುಸುನೂ ಇರಲ್ಲ ಬಿಡಿ."

ಹಬ್ಬಕ್ಕೆ ಊರಿಗೆ ಹೋದೆ. ನಾಲ್ಕು ಮಾತಾಡುವಷ್ಟರಲ್ಲಿ ಅವ್ವ ನನ್ನ ಹಣೆ ಮುಟ್ಟಿ ನೋಡಿದಳು.

"ಯಾಕವ್ವಾ, ಇಷ್ಟು ಸಣ್ಣ ದನಿಲೆ ಮಾತಾಡ್ತಿ? ಮೈಯಾಗ ಆರಾಮಿಲ್ಲೇನು?"

ಓಣಿಯ ತುದಿಯಲ್ಲಿ ಹರಟುತ್ತಿದ್ದ ತಂಗಿಯನ್ನು ಊಟಕ್ಕೆ ಕರೆ ಎಂದಳು. ಬಾಗಿಲಲ್ಲಿ ನಿಂತು ಕೂಗಿದೆ. ಎದುರು ಮನೆಯವರೂ ತಿರುಗಿ ನೋಡಲಿಲ್ಲ. ಒಳಗೆ ಬಂದು ತಂಗಿಗೆ ಫೋನ್ ಮಾಡಿದೆ.