ಮರುಳಸಿದ್ದಯ್ಯನವರ ಯೆಜ್ಡಿಗೆ ಮನೆ ಎಣ್ಣೆ

ಬಿಳಿಗೆರೆಯ ಮರುಳಸಿದ್ದಯ್ಯನವರಿಗೆ ಲೋಕದ ಕಾಯಿಲೆಗಳೆಲ್ಲ ಗೊತ್ತು, ಮದ್ದು ಮಾತ್ರ ಒಂದೇ: ಕೊಬ್ಬರಿ ಎಣ್ಣೆ. ತಲೆಗೆ, ಮಂಡಿಗೆ, ಕಿರುಗುಟ್ಟುವ ಬಾಗಿಲಿಗೆ, ಮೊಮ್ಮಗಳ ನೆಗಡಿಗೆ ಎಲ್ಲಕ್ಕೂ ಅದೇ. ಬೆಂಗಳೂರಲ್ಲಿ ಓದಿ ಸೊಸೆಯಾಗಿ ಬಂದ ವರ್ಷಿಣಿ ಇದನ್ನು ಐದು ವರ್ಷ ಸಹಿಸಿದ್ದಳು. ಆದರೆ ಶಾಲೆಯ ಆಟೋಟದ ದಿನಕ್ಕೆ ನಾಲ್ಕು ವರ್ಷದ ಮಗಳು ಇಂಪನಾಳನ್ನು ತಮ್ಮ ಯೆಜ್ಡಿ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ತಿಪಟೂರಿಗೆ ಹೋಗುತ್ತೇನೆಂದು ಮಾವ ಘೋಷಿಸಿದಾಗ ಅವಳ ಸಹನೆ ಮುಗಿಯಿತು.

ಆ ಬೈಕು ಅವಳ ಗಂಡನಿಗಿಂತ ಹಿರಿಯದು. ನಲವತ್ತೈದು ವರ್ಷ ಕೊಬ್ಬರಿ ಮೂಟೆ ಹೊತ್ತು ಮುಂದಿನ ಚಕ್ರ ಹಿಡಿದ ಫೋರ್ಕು ಸಡಿಲಾಗಿತ್ತು, ಕುಲುಕಾಟ ತಡೆಯುವ ಹಿಂದಿನ ಶಾಕ್ಸು ಸತ್ತೇ ಹೋಗಿದ್ದವು. ಗುಂಡಿ ಸಿಕ್ಕರೆ ಹ್ಯಾಂಡಲ್ಲು ಒಂದು ಕಡೆ, ಮಾವ ಒಂದು ಕಡೆ. ವರ್ಷಿಣಿ ಮೊಬೈಲಿನಲ್ಲಿ ಅಪಘಾತದ ವಿಡಿಯೋಗಳನ್ನು ಹತ್ತಾರು ನೋಡಿ ಬಂದು, "ಶಾಕ್ಸು, ಬುಷ್ಷು ಎಲ್ಲ ಹೊಸದು ಹಾಕಿಸಿ ಮಾವ, ಆಮೇಲೆ ಮಗು," ಅಂದಳು.

"ಆಗ್ಲಿ ಕಣಮ್ಮ, ನಿನ್ನ ಸಮಾಧಾನಕ್ಕೆ."

ತಿಪಟೂರಿನ ಮೆಕ್ಯಾನಿಕ್ ಮಹಾಂತೇಶ ಎರಡು ದಿನ ಕೂತು, ಫೋರ್ಕಿನೊಳಗಿನ ಬಳೆಯಂಥ ಸವೆದ ಬುಷ್ಷುಗಳನ್ನು ಕಿತ್ತ. ಹೊಸ ಆಯಿಲ್ ಸೀಲು, ಹೊಸ ಶಾಕ್ಸು ಕೂರಿಸಿದ. ಕೊನೆಗೆ ಗುಂಡಿ ಸಿಕ್ಕಾಗ ಫೋರ್ಕು ಮೆತ್ತಗೆ ಬಗ್ಗಿ ಏಳಲೆಂದು ಅದರ ಕೊಳವೆಗೆ ಸುರಿಯುವ ಆಯಿಲ್ ಡಬ್ಬಿ ಎತ್ತಿಕೊಂಡ. ಮರುಳಸಿದ್ದಯ್ಯನವರು ಚೀಲದಿಂದ ಬಾಟಲಿ ತೆಗೆದರು.

"ಕೊಬ್ಬರಿ ಎಣ್ಣೆ ಬ್ಯಾಡ ಯಜಮಾನ್ರೇ, ಇದಕ್ಕೇ ಅಂತ ಬೇರೆ ಆಯಿಲ್ ಐತೆ."

"ಸುಮ್ಕಿರ್ಲಾ. ನಾಲ್ಕೆಕರೆ ತೋಟ ಇಟ್ಕಂಡು ಅಂಗಡಿ ಎಣ್ಣೆ ಹಾಕಿಸಿದ್ರೆ ನೋಡ್ದೋರು ಉಗೀತಾರೆ. ಹಾಕು."

ಹಾಕಿದ. ಮಧ್ಯಾಹ್ನದ ಬಿಸಿಲಲ್ಲಿ ಬೈಕು ತೊಟ್ಟಿಲ ಹಾಗೆ ತೂಗಿತು. ಮಾವ ಅಂಗಳದಲ್ಲಿ ಮೂರು ಸುತ್ತು ಹೊಡೆದು, "ನಿಮ್ಮ ಮೆಟ್ರೋದಾಗೂ ಈ ಸುಖ ಇಲ್ಲ ಕಣಮ್ಮ," ಎಂದು ಛೇಡಿಸಿದರು. ವರ್ಷಿಣಿ ತಾನೂ ಸೀಟು ಒತ್ತಿ ನೋಡಿದಳು. ಒಪ್ಪಿಕೊಂಡಳು.

ಆಟೋಟದ ದಿನ ಡಿಸೆಂಬರಿನ ಕೊರೆಯುವ ಚಳಿ. ಬೆಳಿಗ್ಗೆ ಏಳಕ್ಕೆ ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಬೇಕು, ವರ್ಷಿಣಿಗೆ ಮನಸ್ಸಾಗಲಿಲ್ಲ.

"ಮೊದಲು ನೀವೊಬ್ಬರೇ ಗೇಟಿನ ತನಕ ಹೋಗಿ ಬನ್ನಿ ಮಾವ."

"ಅನುಮಾನದ ಕಾಯಿಲೆ ನಿಂಗೆ," ಎನ್ನುತ್ತ ಹೊರಟರು.

ಗೇಟಿನ ಹತ್ತಿರದ ಸಣ್ಣ ದಿಣ್ಣೆಯಲ್ಲಿ ಫೋರ್ಕು ಒನಕೆಯ ಹಾಗೆ ಬಿಗಿದು ನಿಂತಿತು. ಬಗ್ಗಲಿಲ್ಲ. ಬಗ್ಗಿದ್ದು ಮಾವ. ಕನ್ನಡಕ ಬೇಲಿಯಲ್ಲಿ, ಅವರು ತೆಂಗಿನ ಪಾತಿಯ ಕೆಸರಲ್ಲಿ. ಕೊಳವೆಯೊಳಗಿನ ಎಣ್ಣೆ ಚಳಿಗೆ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು. ಅದೇ ಎಣ್ಣೆಯನ್ನು ಅರ್ಧ ಗಂಟೆಯ ಹಿಂದೆ ಒಲೆಯ ಪಕ್ಕದಲ್ಲಿಟ್ಟು ಕರಗಿಸಿ ತಲೆಗೆ ಹಚ್ಚಿಕೊಂಡಿದ್ದ ಮನುಷ್ಯನಿಗೆ ಇದು ಹೊಳೆದಿರಲಿಲ್ಲ!

ವರ್ಷಿಣಿ ಓಡಿಬಂದು ಎಬ್ಬಿಸಿದಳು. ತಪ್ಪಾಯಿತು ಅನ್ನುತ್ತಾರೇನೋ ಎಂದು ಕಾದಳು.

"ನೋಡ್ದೇನಮ್ಮ, ಹೆಂಗೆ ಗಟ್ಟಿ ಆಗೈತೆ? ಕಲಬೆರಕೆ ಎಣ್ಣೆ ಆಗಿದ್ರೆ ಹಿಂಗಾಗ್ತಿತ್ತಾ?"

ಮೂವರೂ ಬಸ್ಸು ಹತ್ತಿದರು. ಇಂಪನಾ ಅಮ್ಮನ ತೊಡೆಯ ಮೇಲೆ. ಮಾವ ಮಂಡಿ ನೀವಿಕೊಳ್ಳುತ್ತ ಬಸ್ಸಿನವರಿಗೆಲ್ಲ ಎಣ್ಣೆಯ ಶುದ್ಧತೆ ವರ್ಣಿಸಿದರು. ಇಳಿಯುವಷ್ಟರಲ್ಲಿ ಇಬ್ಬರು ತಮಗೂ ಎರಡೆರಡು ಲೀಟರ್ ಬೇಕೆಂದರು.

"ಬುಡು ಪುಟ್ಟಿ, ಏಪ್ರಿಲ್ ಬಿಸಿಲಿಗೆ ಎಣ್ಣೆ ನೀರಾಗಿರ್ತದೆ. ಆಗ ದಿನಾ ಸ್ಕೂಲಿಗೆ ನಾನೇ ಬಿಡ್ತೀನಿ," ಎಂದು ಮಾವ ಮೊಮ್ಮಗಳಿಗೆ ಭರವಸೆ ಕೊಟ್ಟರು.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಎಂದು ವರ್ಷಿಣಿ ಹೇಳಲಿಲ್ಲ.