ಮೂರು ಕುರ್ಚಿಗಳ ಗುರುಪಾದಪ್ಪ

ಗುರುಪಾದಪ್ಪನವರ ಹೆಸರು ನಾನು ಮೊದಲು ಕೇಳಿದ್ದು ಒಂದು ಸೋಮವಾರ, ಒಂದೇ ಮುಂಜಾನೆ ಮೂರು ಸಲ.

ಘಟಪ್ರಭಾ ಸ್ಟೇಶನ್ನಿನ ಹೊರಗೆ ನನ್ನ ರೊಟ್ಟಿ ಅಂಗಡಿ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಹಾಕಿದ್ದು. ಮೊದಲು ಹುಕ್ಕೇರಿಯ ಕಿರಾಣಿ ವ್ಯಾಪಾರಿ ರಾವಸಾಹೇಬರ ಫೋನು ಬಂತು.

"ಬಾಳಕ್ಕಾ, ನಮ್ಮ ಬಾನ್ಸುರಿ ಪಂಡಿತ್ರು ಹನ್ನೊಂದರ ಬಸ್ಸಿಗೆ ಅಲ್ಲಿ ಇಳೀತಾರ. ಗುರುಪಾದ ಅಂತ ಹೆಸರು. ಎರಡು ರೊಟ್ಟಿ ಕಟ್ಟಿ ಇಡ್ರಿ. ಪಲ್ಯಾಕ್ಕ ಉಳ್ಳಾಗಡ್ಡಿ ಬ್ಯಾಡ."

ಅರ್ಧ ತಾಸಿಗೆ ಗೋಕಾಕದ ಕಾಶಿನಾಥ ಮಾಸ್ತರರದು: "ನಮ್ಮ ವೇಣು ವಿದ್ವಾಂಸರು ಬರ್ತಾರ, ಗುರುಪಾದ ಅಂತ. ರೊಟ್ಟಿ ಜೋಡಿ ಮೊಸರು ಇರಲಿ."

ಅದರ ಹಿಂದೆಯೇ ಮೂಡಲಗಿಯ ಭಜನಾ ಮೇಳದ ಅಪ್ಪಣ್ಣ: "ಬಾಳಕ್ಕಾ, ನಮ್ಮ ಕೊಳಲಿನ ಗುರುಪಾದಪ್ಪ ಬರ್ತಾನ. ಚಟ್ನಿ ಖಾರ ಇರ್ಲಿ ನೋಡ್ರಿ, ಇಲ್ಲಾಂದ್ರ ಅಂವಗ ಉಸಿರ ಏಳೂದಿಲ್ಲ."

ಮೂರು ಬುತ್ತಿ ಕಟ್ಟಿ ಇಟ್ಟೆ. ಹನ್ನೊಂದರ ಬಸ್ಸಿನಿಂದ ಇಳಿದು ಬಂದವರು ಒಬ್ಬರೇ. ತೆಳ್ಳಗಿನ ಮನುಷ್ಯ, ಬಗಲಲ್ಲಿ ದೊಡ್ಡ ಚೀಲ.

"ಮೂರೂ ಕೊಡ್ರಿ" ಎಂದರು.

"ಉಳದ ಇಬ್ಬರು ಎಲ್ಲಿ ಅದಾರ್ರಿ?"

"ಅವ್ರೂ ನಾನ ಅದೇನ್ರಿ."

"ಮೂರು ಮಂದಿ ಊಟಾ ಒಬ್ಬರ ಉಣ್ತೀರೇನು?"

"ಮೂರು ಮಂದಿ ಕೆಲಸಾ ಒಬ್ಬನ ಮಾಡ್ತೇನಲ್ರಿ."

ಉಂಡರು. ಆಮೇಲೆ ನನ್ನ ಹಿಟ್ಟಿನ ಚೀಲಗಳ ಹಿಂದೆ ಹೋಗಿ ಬಟ್ಟೆ ಬದಲಿಸಿ ಗೋಕಾಕದ ಬಸ್ಸು ಹತ್ತಿದರು. ಅಂದಿನಿಂದ ಆರು ವರ್ಷ ಹೀಗೇ ನಡೆಯಿತು.

ಅವರ ಮನೆ ಕೊಣ್ಣೂರಿನಲ್ಲಿ. ಕಬ್ಬಿನ ಹೊಲವನ್ನು ತಮ್ಮನಿಗೆ ಒಪ್ಪಿಸಿ ಊರೂರು ತಿರುಗುತ್ತಿದ್ದರು. ಸಂಗೀತದ ರೀತಿ ಬದಲಾದರೆ ಊದುವವನೂ ಬದಲಾಗಬೇಕು ಎಂಬುದು ಅವರ ಹಟ. ಹುಕ್ಕೇರಿಯಲ್ಲಿ ಉದ್ದನೆಯ ಬಾನ್ಸುರಿ, ನೆಹರೂ ಅಂಗಿ, ಹಿಂದೂಸ್ತಾನಿ ರಾಗ, ಅಲ್ಲಿ ಪಂಡಿತರು. ಗೋಕಾಕದಲ್ಲಿ ಎಂಟು ತೂತಿನ ಗಿಡ್ಡ ವೇಣು, ಜರಿ ಧೋತರ, ಹಣೆಗೆ ಗಂಧ, ಕರ್ನಾಟಕಿ ಕೀರ್ತನೆ, ಅಲ್ಲಿ ವಿದ್ವಾಂಸರು. ಮೂಡಲಗಿಯಲ್ಲಿ ತಲೆಗೆ ರುಮಾಲು ಸುತ್ತಿ ತಾಳದವರ ಗದ್ದಲದಲ್ಲಿ ಊದುವಾಗ ಬರೇ ಕೊಳಲಿನವ. ಒಮ್ಮೆ ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಮೂಡಲಗಿಯವನೊಬ್ಬ "ಕೊಳಲಿನ ಗುರುಪಾದಪ್ಪಾ" ಎಂದು ಕೂಗಿದನಂತೆ. ಇವರು ತಿರುಗಿ ಸಹ ನೋಡದೆ, "ಅವ್ರು ಸಂಜಿಕ್ಕ ಮೂಡಲಗ್ಯಾಗ ಸಿಗ್ತಾರ" ಎಂದು ಹೇಳಿ ಬಂದರು. ಆ ಮನುಷ್ಯ ನಂಬಿ ಹೋದ.

"ನನ್ನ ಅಂಗಡ್ಯಾಗ ನೀವು ಯಾರ್ರಿ?" ಎಂದು ಕೇಳಿದೆ.

"ಇಲ್ಲಿ ನಾ ಉಣ್ಣಾಂವ" ಎಂದರು.

ಅವರಿಗೆ ಒಂದೇ ಒಂದು ಆಸೆ ಇತ್ತು. ನಮ್ಮ ಕಡೆ ಸತ್ಕಾರಕ್ಕೆ ಬರವಿಲ್ಲ. ಮೈಕಿನಲ್ಲಿ ಹೆಸರು ಕೂಗುವುದು, ಹೆಗಲಿಗೆ ಶಾಲು, ತಲೆಗೆ ಫೇಟಾ, ಕೈಗೊಂದು ಕಾಯಿ. "ಹೊಸಾ ಟ್ರ್ಯಾಕ್ಟರ್ ತಗೊಂಡಾವ್ರಿಗೂ ಶಾಲು ಹಾಕ್ತಾರ ಬಾಳಕ್ಕಾ. ನನಗ ಅರವತ್ತು ದಾಟೇತಿ. ಸಾಯೂದ್ರಾಗ ಒಮ್ಮೆ ನನ್ನ ಹೆಗಲಿಗೆ ಬೀಳಬೇಕು" ಎನ್ನುತ್ತಿದ್ದರು. ಮೂರೂ ಊರಿನವರು ಬೇಕಾದಷ್ಟು ಉಣ್ಣಿಸಿದರು, ಶಾಲು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನೆನಪಾಯಿತು. ಮೂರೂ ಊರಿನವರು ಕೂಡಿ ಗೋಕಾಕದಲ್ಲಿ ಕೊಳಲಿನವರಿಗೆ ಸತ್ಕಾರ ಇಟ್ಟರು, ಊರಿಗೊಬ್ಬರಂತೆ. ಆಮಂತ್ರಣದ ಕಾರ್ಡಿನಲ್ಲಿ ಮೂರು ಗುರುಪಾದರು. ಓದಿದವರು, "ಗುರುಪಾದ ಅಂತ ಹೆಸರಿಟ್ರ ಊದೂದ ಹಣೀಬರಾ ಏನ" ಎಂದು ನಕ್ಕು ಸುಮ್ಮನಾದರು.

ಆ ದಿನ ಗುರುಪಾದಪ್ಪನವರು ಚೀಲ ಹಿಡಿದು ನನ್ನ ಮುಂದೆ ನಿಂತರು. "ಯಾವ ಅಂಗಿ ಹಾಕಲಿ? ಒಂದು ಹಾಕಿದ್ರ ಎರಡು ಊರು ಸಿಟ್ಟಾಗ್ತಾವು."

"ಉಣ್ಣೂ ಮುಂದ ಹಾಕೋತೀರಲ್ಲ, ಅದನ್ನ ಹಾಕ್ರಿ" ಎಂದೆ. ತಪ್ಪು ನನ್ನದೇ.

ಅವರ ಜೊತೆ ನಾನೂ ಹೋದೆ. ವೇದಿಕೆಯ ಮೇಲೆ ಮೂರು ಕುರ್ಚಿ. ಗುರುಪಾದಪ್ಪನವರು, ಯಾವ ಊರಿನವರೂ ಎಂದೂ ಕಾಣದ ಮಾಸಿದ ಅಂಗಿಯಲ್ಲಿ ಹತ್ತಿ ಮೊದಲನೆಯದರಲ್ಲಿ ಕುಳಿತರು. ರಾವಸಾಹೇಬರು ಓಡಿ ಬಂದು, "ಇದು ನಮ್ಮ ಪಂಡಿತ್ರ ಕುರ್ಚಿ, ಏಳ್ರಿ" ಎಂದರು. ಎರಡನೆಯದರಿಂದ ಕಾಶಿನಾಥ ಮಾಸ್ತರರು ಎಬ್ಬಿಸಿದರು. ಮೂರನೆಯದರಲ್ಲಿ ಕೂರುವ ಮೊದಲೇ ಅಪ್ಪಣ್ಣ ಕುರ್ಚಿ ಎಳೆದುಕೊಂಡ.

"ನಾನ ಅದೇನ್ರಿ, ಮೂರೂ ನಾನ" ಎಂದರು ಇವರು.

"ಏ ಯಜಮಾನ, ಮೂರೂ ಮಂದಿ ಶಾಲು ಒಬ್ಬಾಂವಗ ಬೇಕೇನು?" ಎಂದ ಅಪ್ಪಣ್ಣ.

"ಊದಿ ತೋರಸ್ತೇನಿ, ಕೇಳ್ರಿ" ಎಂದು ನಿಂತಲ್ಲೇ ಬಾನ್ಸುರಿ ಊದಿದರು. ರಾವಸಾಹೇಬರ ಕಣ್ಣಲ್ಲಿ ನೀರು. "ಥೇಟ್ ನಮ್ಮ ಪಂಡಿತ್ರ ಕೈ! ಅವ್ರ ಶಿಷ್ಯಾರ ಇರಬೇಕು." ವೇಣು ಊದಿದರು. ಮಾಸ್ತರರೂ ಅದನ್ನೇ ಹೇಳಿದರು. ಕೊಳಲು ಊದಿದಾಗ ಅಪ್ಪಣ್ಣ ಎದ್ದು ಕುಣಿದೇ ಬಿಟ್ಟ. "ನಮ್ಮಾಂವ ಯಾವಾಗ ಕಲಿಸಿದನೋ ನಿನಗ!"

ನಾನು ಕೆಳಗಿನಿಂದ, "ಆ ಮೂರೂ ಮಂದಿ ಇವರ ಅದಾರ! ನಾ ಆರು ವರ್ಷ ರೊಟ್ಟಿ ಬಡದೇನಿ!" ಎಂದು ಕೂಗಿದೆ. ಹಿಂದಿನವರು, "ಕೂಡ್ರಿ ಯವ್ವಾ, ಊಟಾ ಕಡೀಕ ಐತಿ" ಎಂದರು.

ಶಾಲು ಹೊದಿಸಲು ಕರೆಸಿದ್ದ ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮವಿತ್ತು, ಅವಸರ. ಮೂರೂ ಊರಿನವರು ತಲೆಗೆ ತಲೆ ಹಚ್ಚಿ ಮಾತಾಡಿದರು. ಬರದೇ ಇದ್ದ ಮೂವರು ಗುರುಗಳ ಹೆಸರನ್ನು ಮೈಕಿನಲ್ಲಿ ಕೂಗಿ, ಮೂರು ಖಾಲಿ ಕುರ್ಚಿಗಳಿಗೆ ಶಾಲು ಹೊದಿಸಿ, ಕುರ್ಚಿಯ ಮೇಲೆ ಫೇಟಾ ಇಟ್ಟು ಫೋಟೋ ತೆಗೆಸಿದರು. ಆಮೇಲೆ ಎಲ್ಲವನ್ನೂ ಮಡಚಿ ಗುರುಪಾದಪ್ಪನವರ ಕೈಗೆ ಕೊಟ್ಟು, "ಗುರುಗಳಿಗೆ ಮುಟ್ಟಸ್ರಿ, ಹಾದ್ಯಾಗ ಕಳೀಬ್ಯಾಡ್ರಿ" ಎಂದರು.

ಮುಂದಿನ ತಿಂಗಳು ದಡ್ಡಿ ಎಂಬ ಊರಿನಲ್ಲಿ, ತಮ್ಮ ಮಗಳ ಮನೆಯಲ್ಲಿ, ಅವರು ತೀರಿಕೊಂಡರು. ಅಲ್ಲಿಗೆ ಹೋಗುವ ದಿನ ನನ್ನ ಅಂಗಡಿಗೆ ಬಂದಿದ್ದರು. ಊಟ ಬೇಡವೆಂದರು. ಚೀಲದಿಂದ ಒಂದು ಶಾಲು ತೆಗೆದು ರೊಟ್ಟಿ ಬುಟ್ಟಿಯ ಬಾಜೂಕ್ಕೆ ಇಟ್ಟರು.

"ಅವ್ರು ಕುರ್ಚಿಗೆ ಹಾಕಿದ್ರು ಬಾಳಕ್ಕಾ. ನೀವು ನನ್ನ ಹೆಗಲಿಗೆ ಹಾಕ್ರಿ."

"ನಾ ಗಂಡ ಇಲ್ಲದಾಕಿ. ಇಂಥಾ ಕೆಲಸಕ್ಕ ನನ್ನ ಕೈ ಯಾಕ್ರಿ?"

"ನಾ ಉಂಡಿದ್ದು ಇದ ಕೈಯಾಂದು. ಹಾಕೂ ಮೊದಲ ನನ್ನ ಹೆಸರು ಜೋರಲೆ ಕೂಗ್ರಿ, ಸ್ಟೇಶನ್ನಿನ ಮಂದೀಗಿ ಕೇಳಬೇಕು. ಹಿಂದ ಮುಂದ ಏನೂ ಹಚ್ಚಬ್ಯಾಡ್ರಿ. ಗುರುಪಾದಪ್ಪ ಅಂದ್ರ ಸಾಕು."