ಅಕ್ಕೋರು ಹೇಳಿದ ನನ್ನ ವಯಸ್ಸು

ತಡೀರಿ ತಡೀರಿ, ಹಂಗ ಮುಂದ ಹೋಗಬ್ಯಾಡ್ರಿ. ನಮಗ ಅಕ್ಷರ ಕಲಿಸಿದ ಅಕ್ಕೋರ ತುರುಬು ಹೆಂಗಿತ್ತು ಅಂತ ಹೇಳೂತನಕರೆ ನಿಲ್ರಿ. ಬ್ಯಾರೆ ಹೆಣ್ಮಕ್ಕಳು ತುರುಬಿಗೆ ಹೂವು ಸಿಗಿಸ್ತಾರ. ನಮ್ಮ ಅಕ್ಕೋರು ಬಳಪದ ತುಂಡು ಸಿಗಿಸ್ತಿದ್ರು. ಬಿಸಲಿಗೆ ಬೆವರು ಬಂದ್ರ ಅದು ಕರಗಿ ಕೂದಲಾಗ ಬೆಳ್ಳಗ ಗೆರಿ ಬೀಳ್ತಿತ್ತು. ನಮ್ಮವ್ವ ಭಾಳ ದಿನ, "ಪಾಪ, ಸಣ್ಣ ವಯಸ್ಸಿಗೇ ಕೂದಲ ನರತಾವ" ಅಂತಿದ್ಲು.

ವಯಸ್ಸು. ಇದೆಲ್ಲಾ ವಯಸ್ಸಿಂದೇ ಕತಿ. ನನ್ನ ವಯಸ್ಸು ಎಷ್ಟು ಅಂತ ಮಾತ್ರ ಕೇಳಬ್ಯಾಡ್ರಿ.

ನಾವು ವಿಜಾಪುರ ಕಡಿಯವರು. ನಾಸಿಕದ ಸಾತಪುರದಾಗ ಒಂದು ದೊಡ್ಡ ಬಿಲ್ಡಿಂಗ್ ಏಳಾಕತ್ತಿತ್ತು. ಅಪ್ಪ ಅವ್ವ ಅಲ್ಲಿ ಕೆಲಸಕ್ಕ, ಬುಡಕ ತಗಡಿನ ಪತ್ರಾ ಶೆಡ್ಡಿನ್ಯಾಗ ನಮ್ಮ ಬಿಡಾರ. ಅಕ್ಕೋರು ಬಾಜೂ ಅಪಾರ್ಟ್‌ಮೆಂಟಿನವರು, ಧಾರವಾಡದ ಮಂದಿ. ಅವರ ಯಜಮಾನ್ರು ಬ್ಯಾಂಕಿನವರು, ವರ್ಗ ಆಗಿ ಬಂದಿದ್ರು. ಒಂದಿನ ಅವ್ವ ನನಗ, ಅಣ್ಣಗ ಬೈಯಾಕತ್ತಿದ್ಲು. ಮ್ಯಾಲ ಬಾಲ್ಕನಿಯಾಗ ಅರಿವಿ ಒಣ ಹಾಕಾಕತ್ತಿದ್ದ ಅಕ್ಕೋರು ಬಗ್ಗಿ ನೋಡಿದ್ರು.

"ಯಾವೂರವಾ ನಿಮ್ದು? ಬೈಗಳಾ ನಮ್ಮ ಕಡೇವ ಅವ!"

ಅವ್ವಗ ನಾಚಿಕಿ ಆಗಿ ಸೆರಗು ಬಾಯಿಗೆ ಹಿಡದ್ಲು. ಮರುದಿನ ಅಕ್ಕೋರು ಇಳದು ಬಂದ್ರು. ಇನ್ನೂ ಪ್ಲಾಸ್ಟರ್ ಆಗದ ಸಿಮೆಂಟ್ ಕಂಬದ ಮ್ಯಾಲ ಅ, ಆ ಬರದ್ರು. ನಮ್ಮ ಸಾಲಿ ಅಂದ್ರ ಅದಾ. ಆಮ್ಯಾಲ ಪ್ಲಾಸ್ಟರ್ ಬಿತ್ತು, ನಮ್ಮ ಅ ಆ ಒಳಗ ಹೋತು. ಈಗ ಆ ಕಂಬದ ಬಾಜೂ ಯಾರೋ ಕಾರ್ ನಿಲ್ಲಸ್ತಾರ. ಅವರಿಗೇನ್ ಗೊತ್ತು.

ಅಕ್ಕೋರು ಹೊಡೀತಿರಲಿಲ್ಲ. ಒಂದಾ ಕಟ್ಟಳಿ ಇತ್ತು. ಸುಳ್ಳು ಹೇಳಿ ಸಿಕ್ಕಿದ್ರ ಸೈಟಿನ ನೀರಿನ ಡ್ರಮ್ಮಿನ ಹತ್ರ ಹೋಗಿ ಬಾಯಿ ಮುಕ್ಕಳಿಸಿ ಬರಬೇಕು. "ಬಾಯಿ ಸ್ವಚ್ಛ ಮಾಡ್ಕೊಂಡು ಬಾ, ಆಮ್ಯಾಲ ಓದೂಣಂತ" ಅಂತಿದ್ರು. ನಮ್ಮಣ್ಣ ದಿನಾ ಮುಕ್ಕಳಸ್ತಿದ್ದ. ಅವನ ಹಲ್ಲು ಅದಕ್ಕಾ ಬೆಳ್ಳಗ ಅದಾವ ಅಂತ ನಾ ಈಗೂ ಚಾಷ್ಟಿ ಮಾಡ್ತೀನಿ.

ಹತ್ರ ಒಂದು ಮರಾಠಿ ಸಾಲಿ ಇತ್ತು, ಸರಕಾರದ್ದು. ಹಿಂದಿನ ವರ್ಷ ಅವ್ವ ಕರಕೊಂಡು ಹೋದಾಗ ಜನ್ಮದ ದಾಖಲಾ ಇಲ್ಲ ಅಂತ ಗೇಟಿನಿಂದಾನ ವಾಪಸ್ ಕಳಿಸಿದ್ರು. ಅಷ್ಟರಾಗ ಹೊಸಾ ಕಾಯ್ದೆ ಬಂತು. ಶಿಕ್ಷಣ ಹಕ್ಕಿಂದು. ಕಾಗದ ಇಲ್ಲ ಅಂತ ಯಾವ ಹುಡುಗರನ್ನೂ ವಾಪಸ್ ಕಳಸಂಗಿಲ್ಲ ಅಂತ. ಅಕ್ಕೋರು ಪೇಪರಿನ್ಯಾಗ ಓದಿ, ಪೇಪರನ್ನಾ ಕೈಯಾಗ ಹಿಡಕೊಂಡು, ಅವ್ವ, ಅಣ್ಣ, ನಾನು, ಮೂರೂ ಮಂದಿನ್ನ ದರದರ ಎಳಕೊಂಡು ಸಾಲಿಗೆ ಹೋದ್ರು. ಬಳಪ ತುರುಬಿನ್ಯಾಗ ಹಂಗಾ ಇತ್ತು.

ಹೆಡ್‌ಮಾಸ್ತರು ಕೆಟ್ಟವರಲ್ರಿ. ಚಾ ತರಿಸಿದ್ರು. ಅಕ್ಕೋರು ಮರಾಠಿಯಾಗ ಜಗಳಾ ಸುರು ಮಾಡೂದ್ರೊಳಗ, "ಬಾಯಿ, ನಾ ಇಲ್ಲ ಅಂದೇನೇನು? ಎರಡೂ ಹುಡುಗರನ್ನ ತಗೋತೀನಿ. ವಯಸ್ಸು ಹೇಳ್ರಿ" ಅಂದ್ರು. ಅಲ್ಲಿ ಹೆಣ್ಣು ಟೀಚರಿಗೆ ಬಾಯಿ ಅಂತಾರ, ಅಕ್ಕೋರಿಗೂ ಹಂಗಾ ಅಂದ್ರು.

ಅವ್ವಗ ದೊಡ್ಡ ಮಂದಿ ಮುಂದ ಮರಾಠಿಗೆ ನಾಲಿಗಿ ಹೊಳ್ಳೂದಿಲ್ಲ. ಕನ್ನಡದಾಗ ಹೇಳ್ತಾಳ, ಅಕ್ಕೋರು ಮರಾಠಿ ಮಾಡ್ತಾರ. ಅವ್ವನ ಲೆಕ್ಕಾ ಅಂದ್ರ ಬಿಲ್ಡಿಂಗಿನ ಲೆಕ್ಕಾ. "ಇಂವ ಹುಟ್ಟಿದ್ದು ಸೊಲ್ಲಾಪುರದಾಗ, ಗಿರಣಿ ಗ್ವಾಡಿ ಕಟ್ಟೂ ಮುಂದ" ಅಂತ ಸುರು ಮಾಡಿ, ಒಂದೊಂದು ಸೈಟು ದಾಟಿ ಬಂದು, ಅಣ್ಣಗ ಹನ್ನೆರಡು ಅಂತ ಮುಟ್ಟಿಸಿದ್ಲು. ಅಕ್ಕೋರು ಇದ್ದದ್ದು ಇದ್ದಂಗ "ಬಾರಾ" ಅಂದ್ರು.

"ಹಂಗಾರ ಏಳನೇತ್ತಾ" ಅಂತ ಏಳನೇ ಕ್ಲಾಸು ಹೇಳಿದ್ರು ಹೆಡ್‌ಮಾಸ್ತರು.

ಅಕ್ಕೋರು ಚಾದ ಕಪ್ಪು ಕೆಳಗ ಇಟ್ರು. "ಸರ್, ಇವಂಗ ಮರಾಠಿ ಒಂದ ಅಕ್ಷರ ಬರೂದಿಲ್ಲ. ಕನ್ನಡ ಈಗರ ಸುರು ಮಾಡ್ಯಾನ. ಕೆಳಗಿನ ಕ್ಲಾಸಿನ್ಯಾಗ ಕೂಡಸ್ರಿ."

"ಕಾಯ್ದೆ ನೀವಾ ತಂದೀರಿ ಬಾಯಿ. ವಯಸ್ಸಿಗೆ ತಕ್ಕ ಇಯತ್ತೆ, ಅದೂ ಅದರಾಗಾ ಅದ. ಹಿಂದ ಬಿದ್ದವರಿಗೆ ವಿಶೇಷ ತರಬೇತಿ ಸಿಗ್ತದ, ಕಾಳಜಿ ಮಾಡಬ್ಯಾಡ್ರಿ."

ಈಗ ನನ್ನ ಪಾಳಿ. ಅವ್ವ ಮತ್ತ ಹೊಂಟ್ಲು. "ಇಕಿ ಪುಣೇದಾಗ, ದವಾಖಾನಿ ಮೂರನೇ ಮಜಲಿ ಸ್ಲ್ಯಾಬ್ ಬಿದ್ದ ಮರುದಿನ..." ಹತ್ತೂ ದಾಟಿ ಹನ್ನೊಂದು ತುಂಬ್ಯಾವ ಅಂತ ಮುಗಿಸಿದ್ಲು. ಅಕ್ಕೋರು ಎಲ್ಲಾ ಕೇಳಿಸ್ಕೊಂಡ್ರು. ನನ್ನ ಮಾರಿ ನೋಡಿದ್ರು. ಹೆಡ್‌ಮಾಸ್ತರ ಕಡೆ ತಿರುಗಿ, "ಆಠ ವರ್ಷಾಂಚೀ ಆಹೇ, ಸರ್" ಅಂದ್ರು.

ಆಠ! ಎಂಟು! ಇಟ್ಟಂಗಿ ಎಣಿಸಿ ಎಣಿಸಿ ನನಗ ಅಷ್ಟು ಮರಾಠಿ ಬರ್ತಿತ್ರಿ. ನಾ ಸಣಕಲಿ ಇದ್ದೆ, ಹೆಡ್‌ಮಾಸ್ತರು ನಂಬಿದ್ರು. ಮೂರನೇತ್ತಾ.

ಗೇಟಿನ ಹೊರಗ ಬಂದ ಮ್ಯಾಲ ಅವ್ವ ಮೆಲ್ಲಕ ಕೇಳಿದ್ಲು, "ಅಕ್ಕೋರ, ನಮ್ಮ ಹುಡುಗೀದು ಮೂರು ವರ್ಷ ಎಲ್ಲಿ ಹೋದುವ್ರಿ?"

"ಎಲ್ಲೂ ಹೋಗಿಲ್ಲವಾ, ಜ್ವಾಕಿಲೆ ಇಟ್ಟೀನಿ. ಓದಾಕ ಕಲೀಲಿ, ವಾಪಸ್ ಕೊಡ್ತೀನಿ."

ಅವ್ವ ನಕ್ಕಳು. ಸೈಟಿಗೆ ಬಂದಕೂಡ್ಲೆ ಅಕ್ಕೋರು ಸೀದಾ ಡ್ರಮ್ಮಿನ ಹತ್ರ ಹೋದ್ರು. ಬೊಗಸಿ ನೀರು ತಗೊಂಡು ಬಾಯಿ ಮುಕ್ಕಳಿಸಿದ್ರು. ಸೆರಗಿಂದ ಬಾಯಿ ಒರಸ್ಕೊಂಡು, "ಹೂಂ, ಎಲ್ಲಿಗೆ ಬಂದಿತ್ತು ನಿನ್ನ ಓದು?" ಅಂದ್ರು.

ಮುಂದ ಏನಾತು ಅಂದ್ರ, ಮೂರನೇತ್ತಾದಾಗ ನನ್ನ ಮೊಣಕಾಲು ಡೆಸ್ಕಿಗೆ ತಟ್ತಿದ್ದುವು. ಹುಡುಗ್ರು ನನಗ "ಕಾಕೂ" ಅಂತಿದ್ರು, ಮರಾಠಿಯಾಗ ಚಿಗವ್ವ ಅಂದಂಗ. ಆದ್ರ ಅಲ್ಲಿ ಅಕ್ಷರ ಕಲಸ್ತಿದ್ರು, ಕಲತೆ. ಅಣ್ಣ ಏಳನೇತ್ತಾದಾಗ ಕಡೀ ಬೆಂಚಿನ್ಯಾಗ ಕೂತು, ಬೋರ್ಡ್ ಮ್ಯಾಲಿಂದು ಚಿತ್ರ ತಗದಂಗ ತಗೀತಿದ್ದ. ಅವನ ಅಕ್ಷರ ನನ್ನಕಿಂತ ಚಂದ ಇದ್ದುವು. ಏನ್ ಬರದೀನಿ ಅಂತ ಮಾತ್ರ ಗೊತ್ತಿರಲಿಲ್ಲ. ವಿಶೇಷ ತರಬೇತಿಗೆ ಅಂತ ಒಬ್ಬ ಮಾಸ್ತರು ಬಂದ್ರು, ಸ್ವಲ್ಪ ದಿನಕ್ಕ ಅವರನ್ನ ಇಲೆಕ್ಷನ್ ಡ್ಯೂಟಿಗೆ ಹಾಕಿದ್ರು, ಹೊಳ್ಳಿ ಬರಲಿಲ್ಲ. ನಪಾಸ್ ಮಾಡಂಗಿಲ್ಲ ಅಂತ ಅಣ್ಣನ್ನ ಎಂಟನೇತ್ತಾಕ್ಕ ದಾಟಿಸಿದ್ರು. ಎಂಟು ಮುಗೀತು, ಪಾಸ್ ಅಂತ ಕಾಗದ ಕೊಟ್ರು. ಸಾಲಿ ಮುಗೀತು.

ಆ ಕಾಗದದ ಮ್ಯಾಲಾ ಅಣ್ಣಗ ನಾಸಿಕದ ಅಂಬಡದಾಗಿನ ಕಂಪನಿಯಾಗ ಹೆಲ್ಪರ್ ಕೆಲಸ ಸಿಕ್ತು. ಅಲ್ಲಿ ಬೋರ್ಡಿಗೆ ಏನರ ಅಂಟಿಸಿದ್ರ ಮೊಬೈಲಿನ್ಯಾಗ ಫೋಟೋ ಹೊಡದು ನನಗ ಕಳಸ್ತಾನ. "ಏನ್ ಬರದಾರ, ಓದಿ ಹೇಳ."

ನಾ ಮೊಬೈಲಿನ್ಯಾಗ ಆ ಕಾಯ್ದೆ ಹುಡಕಿ ಹುಡಕಿ ಓದೀನ್ರಿ. ಓದಿದಷ್ಟೂ ತಲಿ ಕೆಡ್ತದ. ಆ ಕಾಯ್ದೆ ಇರಲಿಲ್ಲಂದ್ರ ನಮಗ ಗೇಟ್ ತಗೀತಿರಲಿಲ್ಲ. ಅದಾ ಕಾಯ್ದೆ ಅಣ್ಣನ್ನ ಏಳನೇತ್ತಾದಾಗ ಒಗೀತು. ದೊಡ್ಡ ಹುಡುಗರನ್ನ ಸಣ್ಣವರ ನಡುವ ಕೂಡಿಸಿದ್ರ ಅವರಿಗೆ ಅವಮಾನ ಆಕ್ಕತಿ, ಅದಕ್ಕ ವಯಸ್ಸಿಗೆ ತಕ್ಕ ಇಯತ್ತೆ ಅಂತಾರ. ಅದೂ ಖರೇನ. ಕಾಕೂ ಅನ್ನಿಸಿಕೊಂಡಾಕಿ ನಾನಾ ಅಲ್ಲೇನ್ರಿ? ಹಂಗಾರ ತಪ್ಪು ಎಲ್ಲೈತಿ? ನನಗಂತೂ ಬಗೀಹರದಿಲ್ಲ.

ಅಕ್ಕೋರ ಯಜಮಾನ್ರಿಗೆ ಔರಂಗಾಬಾದ ಜಿಲ್ಲಾದ ಗಂಗಾಪುರಕ್ಕ ವರ್ಗ ಆತು. ನಮ್ಮವ್ವ ಅದು ನಮ್ಮ ದತ್ತನ ಗಾಣಗಾಪುರ ಅಂತ ತಿಳದು ಬುತ್ತಿ ಕಟ್ಟಿ ಕೈ ಮುಗದ್ಲು. ಹತ್ತನೇತ್ತಾ ಪಾಸಾದ ಮ್ಯಾಲ ನಾನೂ ಅಣ್ಣನೂ ಪೇಢೆ ತಗೊಂಡು ಅಲ್ಲಿಗೆ ಹೋದಿವಿ. ಅಕ್ಕೋರು ಬಾಗಲದಾಗಾ ನನ್ನ ಮಾರಿ ಎರಡೂ ಕೈಲೆ ಹಿಡದು, "ತಗೋ, ನಿನ್ನ ಮೂರು ವರ್ಷ" ಅಂದ್ರು.

ಅಣ್ಣ ನಕ್ಕೋತನಾ ಕೇಳಿದ, "ಅಕ್ಕೋರ, ನನಗೂ ಒಂದೆರಡು ವರ್ಷ ಕಡಿಮಿ ಹೇಳಬೇಕಿತ್ತಲ್ರಿ."

ಚಾಷ್ಟಿಗೆ ಅಂದಿದ್ದ. ಅಕ್ಕೋರು ನಗಲಿಲ್ಲ. ಪೇಢೆ ಡಬ್ಬಿ ಕೆಳಗ ಇಟ್ರು. ಆಮ್ಯಾಲ ಅಂದ್ರು, "ನಿನ್ನ ಹೊತ್ತಿನ್ಯಾಗ ನಾ ಖರೇ ಹೇಳಿದ್ನೆಪಾ. ಖರೇ ಹೇಳಿದ್ರ ಏನಾಕ್ಕತಿ ಅಂತ, ಏಳನೇತ್ತಾ ಅಂದಾಗ್ಲೇ ನನಗ ತಿಳದದ್ದು. ಅವತ್ತ ಇಕಿ ಸಲುವಾಗಿ ಬಾಯಿ ಮುಕ್ಕಳಿಸಿದೆ. ನಿನ್ನ ಸಲುವಾಗಿ ಮುಕ್ಕಳಿಸಬೇಕಾಗಿತ್ತು."

ಅಣ್ಣ ಎದ್ದು ಅವರ ಕಾಲು ಹಿಡದ. "ಹೋಗ್ಲಿ ಬಿಡ್ರಿ ಅಕ್ಕೋರ, ಕಂಪನಿಯಾಗ ಅದೀನಿ, ಮಜಾದಾಗ ಅದೀನಿ" ಅಂದ.

ಆಮ್ಯಾಲ ಒಂದು ಮುಂಜಾನಿ ಅಣ್ಣ ಕಳಿಸಿದ ಫೋಟೋ ಬಂತು. ಎಂದಿನಂಗ ಕಂಪನಿ ನೋಟೀಸು ಇರಬೇಕು ಅಂತ ತಗದೆ. ಅದರಾಗ ಅಕ್ಕೋರು ಇದ್ರು. ಅವರ ಫೋಟೋಕ್ಕ ಹಾರ ಹಾಕಿದ್ರು. ಕೆಳಗ ಕನ್ನಡದಾಗ ನಾಲ್ಕು ಸಾಲು. ಅಣ್ಣನ ನಂಬರಾ ಅವರ ಮನ್ಯಾಗ ಇತ್ತು, ಅದಕ್ಕ ಯಜಮಾನ್ರು ಅವಂಗ ಕಳಸಿದ್ರು.

ಕೂಡ್ಲೆ ಅಣ್ಣನ ಫೋನ್ ಬಂತು. ಹಿಂದ ಮಷೀನ್ ಸಪ್ಪಳ.

"ಕಂಬದ ಮ್ಯಾಲ ಕಲಿಸಿದ್ದು ಒಂದೆರಡು ಅಕ್ಷರ ಗುರುತು ಹತ್ತಿದುವು ನೋಡು. ಉಳದದ್ದು ಹತ್ತಲಿಲ್ಲ. ಏನ್ ಬರದಾರ, ಓದಿ ಹೇಳ."

ಹಾರ ನೋಡಿದ್ರ ಅವಂಗೂ ತಿಳದಿತ್ತು. ಆದ್ರೂ ಓದು ಅಂದ. ಅಕ್ಕೋರು ಕಲಿಸಿದ ಕನ್ನಡದಾಗ ಅಕ್ಕೋರು ಹೋದದ್ದನ್ನ ನಾ ಅವಂಗ ಓದಿ ಹೇಳಿದೆ.

ಇಷ್ಟ್ರಿ. ಈ ಕನ್ನಡ ಟೈಪ್ ಮಾಡೂದು ನಾನಾ ಕಲತೀನಿ, ಅಕ್ಷರ ಮಾತ್ರ ಅವರವು. ಸರಿ ಯಾವುದು ತಪ್ಪು ಯಾವುದು ನನಗ ಇನ್ನೂ ತಿಳದಿಲ್ಲ. ಅದಕ್ಕಾ ನಿಮ್ಮನ್ನ ಕೇಳಾಕತ್ತೀನಿ. ಸಾಲಿಗೆ ಹಾಕೂ ಮುಂದ ನಿಮ್ಮ ವಯಸ್ಸು ಯಾರು ಹೇಳಿದ್ರು, ಎಷ್ಟು ಹೇಳಿದ್ರು? ಅದರಿಂದ ನಿಮಗ ಚಲೋ ಆತೋ, ಕೆಟ್ಟದ್ದಾತೋ? ಕೆಳಗ ಬರೀರಿ. ಎಲ್ಲಾನೂ ಅಣ್ಣಗ ಓದಿ ಹೇಳ್ತೀನಿ.